ಘೋಣಸಗಿಯ ಲಾಡಲೇಸಾಬರು ಮತ್ತು ಪೂಜೆಗೆ ಕುಳಿತ ರೌಟರ್

ಬಬಲೇಶ್ವರದ ಆ ಸಣ್ಣ ಹೆರಿಗೆ ಆಸ್ಪತ್ರೆಗೆ ಲಾಡಲೇಸಾಬರು ಬಂದರೆಂದರೆ ಅವರಿಗಿಂತ ಮೊದಲು ಅವರ ಕೆಮ್ಮು ಒಳಗೆ ಬರುತ್ತದೆ. ಬಾಣಂತಿಯರ ಕೋಣೆಯ ಬಾಗಿಲಿಗೆ ಹಸಿರು ಬಟ್ಟೆ ಇಳಿಬಿಟ್ಟಿದ್ದಾರೆ. ಅದರ ಆಚೆ ನಿಂತು ಎರಡು ಸಲ ಕೆಮ್ಮಿ, “ಯವ್ವಾ, ಬರಲ್ಯಾ?” ಎಂದು ಕೇಳುತ್ತಾರೆ. ಒಳಗಿನಿಂದ ಬಾ ಎನ್ನುವವರೆಗೂ ಬಟ್ಟೆ ಸರಿಸುವುದಿಲ್ಲ. ಕೋಣೆ ಖಾಲಿ ಇದ್ದರೂ ಅಷ್ಟೇ. ಯಾರೂ ಇಲ್ಲ ಎಂದು ಯಾರಾದರೂ ಬಂದು ಹೇಳುವತನಕ ನಿಂತೇ ಇರುತ್ತಾರೆ. ಹೆಗಲಿಗೆ ಖಾಕಿ ಚೀಲ, ಚೀಲದಲ್ಲಿ ನೀಲಿ ಕೇಬಲ್ಲಿನ ಸುರುಳಿ, ಒಂದು ಇಕ್ಕಳ, ಬಿಸ್ಕೀಟಿನ ಡಬ್ಬಿಯಲ್ಲಿ ಸಣ್ಣಪುಟ್ಟ ಸಾಮಾನು. ಐವತ್ತು ದಾಟಿದ ವಯಸ್ಸು. ತಲೆಯ ಮುಂದಿನ ಅರ್ಧ ಬೋಳು, ಹಿಂದಿನ ಅರ್ಧಕ್ಕೆ ಮೆಹಂದಿ.

ನಂದಾಳಿಗೆ ಇದೆಲ್ಲ ಗೊತ್ತಾದದ್ದು ಆಮೇಲೆ. ಆಯುಧಪೂಜೆಯ ದಿನ, ಅಂದರೆ ಖಂಡೇನವಮಿಯ ದಿನ, ಮಧ್ಯಾಹ್ನದವರೆಗೆ ಲಾಡಲೇಸಾಬರೆಂದರೆ ಅವಳಿಗೆ ಕಂಪ್ಯೂಟರಿನ ನೆತ್ತಿಗೆ ಅಂಟಿಸಿದ ಒಂದು ಚೀಟಿ ಮಾತ್ರ: ಹೆಸರು, ಮೊಬೈಲ್ ನಂಬರು, ಕೆಳಗೆ ‘ಸ್ಟೇಷನ್ ರಸ್ತೆ, ವಿಜಯಪುರ’. ಐದು ದಿನದಿಂದ ಆ ಚೀಟಿಯನ್ನು ಅವಳು ನೋಡುತ್ತಲೇ ಇದ್ದಳು. ಯಾಕೆಂದರೆ ಆ ಕಂಪ್ಯೂಟರನ್ನು ಬಿಟ್ಟು ಬೇರೆ ಯಾವುದನ್ನೂ ಅವಳು ನೋಡುತ್ತಿರಲಿಲ್ಲ.

ನಂದಾ ಹುಟ್ಟಿ ಓದಿ ಬೆಳೆದದ್ದೆಲ್ಲ ವಿಜಯಪುರ ಪಟ್ಟಣದಲ್ಲಿ. ಲಗ್ನವಾಗಿ ಬಂದದ್ದು ಬಬಲೇಶ್ವರದ ಹತ್ತಿರದ ಜೈನಾಪುರಕ್ಕೆ. ಚಿಂತೆ ಅವಳ ಹುಟ್ಟುಗುಣ. ಗ್ಯಾಸಿನ ಕಿವಿ ತಿರುವಿ ಬಂದಮೇಲೂ ಮತ್ತೆರಡು ಸಲ ಹೋಗಿ ನೋಡುವ ಹುಡುಗಿ. ಅಂಥವಳಿಗೆ ಮೊದಲ ಕೂಸು ಏಳೂವರೆ ತಿಂಗಳಿಗೇ ಹುಟ್ಟಿತು. ಹೆಣ್ಣು ಕೂಸು, ಒಂದು ಕಿಲೋ ಆರುನೂರು ಗ್ರಾಂ. ಹುಟ್ಟಿದ ಗಳಿಗೆಯಲ್ಲೇ ಮಹಡಿಯ ಮೇಲಿನ ಕೂಸುಗಳ ಕೋಣೆಗೆ ಒಯ್ದು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ಇವಳಿಗೋ ನೆಗಡಿ, ಜ್ವರ. ಜ್ವರ ಇಳಿಯುವವರೆಗೆ ಮೇಲೆ ಹತ್ತಕೂಡದು, ಅಂಥ ಎಳೆ ಕೂಸಿಗೆ ತಾಯಿಯ ಸೀನು ಸಾಕು ಎಂದು ಡಾಕ್ಟರಬಾಯಿ ಹೇಳಿಬಿಟ್ಟರು.

ಉಳಿದದ್ದು ಆ ಸ್ಕ್ರೀನು. ಮೇಲಿನ ಕೋಣೆಯಲ್ಲೊಂದು ಕ್ಯಾಮೆರಾ, ಕೆಳಗೆ ಬಾಣಂತಿಯರ ಕೋಣೆಯ ಮೂಲೆಯಲ್ಲಿ ಹಳೆಯ ಕಂಪ್ಯೂಟರ್. ಮೊದಲೆರಡು ದಿನ ನಂದಾಳಿಗೆ ಎದೆಹಾಲು ಒಂದು ಹನಿಯೂ ಇಳಿಯಲಿಲ್ಲ. ಮೂರನೆಯ ದಿನ ಆಯಾ ಸಕ್ರವ್ವ ಬಂದು ಮಂಚವನ್ನೇ ಸ್ಕ್ರೀನಿನ ಕಡೆ ತಿರುಗಿಸಿದಳು. “ಕೂಸಿನ ಮಾರಿ ನೋಡಕೋತ ಹಿಂಡು ಬೇ. ಎದಿಗೆ ಕಣ್ಣ ಅದಾವ,” ಎಂದಳು. ನಂದಾ ಬಿ.ಎಸ್ಸಿ. ಓದಿದವಳು, ಎದೆಗೆ ಕಣ್ಣು ಇರುತ್ತವೆಂದು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಆದರೆ ಬೂದು ಬಣ್ಣದ ಆ ಚಿತ್ರದಲ್ಲಿ ಬೆರಳುದ್ದದ ಕಾಲೊಂದು ಜಾಡಿಸಿದ್ದನ್ನು ನೋಡಿದ್ದೇ ತಡ, ಎದೆ ಜುಮ್ಮೆಂದಿತು. ಎರಡು ಚಮಚ ಬಂತು. ಮರುದಿನ ಅರ್ಧ ಬಟ್ಟಲು. ಸಕ್ರವ್ವ ಆ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು, ದೃಷ್ಟಿಯಾದೀತೆಂದು ಯಾರ ಕಡೆಗೂ ನೋಡದೆ ಮೆಟ್ಟಿಲು ಹತ್ತುತ್ತಿದ್ದಳು. ಮೇಲೆ ಸಿಸ್ಟರ್ ಅದನ್ನು ಸಣ್ಣ ನಳಿಗೆಯಿಂದ ಕೂಸಿನ ಹೊಟ್ಟೆಗೆ ಇಳಿಸುತ್ತಿದ್ದರು.

ಖಂಡೇನವಮಿಯ ಬೆಳಿಗ್ಗೆ ಒಂಬತ್ತೂವರೆಗೆ ಆ ಸ್ಕ್ರೀನಿನಿಂದ ಕೂಸು ಹೋಯಿತು. ನಡುವೆ ಒಂದು ಸಣ್ಣ ಬಳೆ ಗರಗರ ತಿರುಗತೊಡಗಿತು.

“ಅತ್ತೀ! ನೋಡ್ರಿ ಇಲ್ಲೆ! ಕೂಸಿಗೇನಾತು?”

ಅತ್ತೆ ಗುರುಸಿದ್ದವ್ವ ಮಂಚದ ಕೆಳಗೆ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದವಳು ಎದ್ದು ನೋಡಿದಳು. “ಕೂಸಿಗೆ ಯಾಕ ಏನಾಗತೈತಿ? ಟಿವಿ ಕೆಟ್ಟೈತಿ.”

“ಕೆಟ್ಟಿಲ್ಲ, ಬಂದ್ ಮಾಡ್ಯಾರ. ನನಗ ತೋರಸಬಾರದಂತ ಬಂದ್ ಮಾಡ್ಯಾರ.”

ಅಲ್ಲಿಂದ ಶುರುವಾಯಿತು. ಸಿಸ್ಟರ್ ಬಂದು ಕೂಸು ಆರಾಮ ಐತಿ ಎಂದರು. ಗಂಡ ಸತೀಶಕುಮಾರ ಬಂದು ಆರಾಮ ಐತಿ ಎಂದ. ಅತ್ತೆಯಂತೂ ಹತ್ತು ಸಲ ಹೇಳಿದಳು. ಆರಾಮ ಇದ್ದದ್ದನ್ನು ಒಂದು ಸಲ ಹೇಳಿದರೆ ಸಾಕಲ್ಲ, ಇಷ್ಟು ಮಂದಿ ಇಷ್ಟು ಸಲ ಹೇಳಬೇಕೆಂದರೆ ಏನೋ ಆಗಿದೆ ಎಂದೇ ನಂದಾಳಿಗೆ ಅನ್ನಿಸಿತು. ಮೊಬೈಲು ಕೂಸುಗಳ ಕೋಣೆಯೊಳಗೆ ಒಯ್ಯುವಂತಿಲ್ಲ. ಸತೀಶಕುಮಾರ ಹೊರಗಿನ ಗಾಜಿನಿಂದಲೇ ಒಂದು ವಿಡಿಯೊ ತೆಗೆದು ತಂದ. ಅದರಲ್ಲಿ ಮುಕ್ಕಾಲು ಪಾಲು ಟ್ಯೂಬ್‌ಲೈಟಿನ ಬೆಳಕು.

“ಇದು ನಿನ್ನಿದು,” ಎಂದಳು ನಂದಾ.

“ಈಗ ತಗದೇನಿ ಮಾರಾಯ್ತಿ! ಕುಲಾಯಿ ನೋಡು, ಹಳದಿ ಕುಲಾಯಿ.”

“ಎಲ್ಲಾ ಕೂಸಿಗೂ ಅದ ಕುಲಾಯಿ ಹಾಕ್ತಾರ.”

ಅವನು ತನ್ನ ಮೊಬೈಲಿನ ಹಾಟ್‌ಸ್ಪಾಟ್ ಹಚ್ಚಿ ಕಂಪ್ಯೂಟರಿಗೆ ಕೊಟ್ಟು ನೋಡಿದ. ಬಳೆ ತಿರುಗುವುದು ನಿಲ್ಲಲಿಲ್ಲ. ಹನ್ನೊಂದಕ್ಕೆ ಹಾಲು ಹಿಂಡುವ ಹೊತ್ತಾಯಿತು. ಒಂದು ಹನಿ ಇಲ್ಲ. ಒಂದು ಗಂಟೆಗೆ ಮತ್ತೆ ಕೂತಳು, ಬೆರಳು ನೊಂದು ಕೆಂಪಾದವು, ಬಟ್ಟಲು ಒಣಗಿಯೇ ಇತ್ತು. ಮೇಲಿನ ಸಿಸ್ಟರ್ ಇಳಿದು ಬಂದು ಮೆಲ್ಲಗೆ ಹೇಳಿದರು: ನಿನ್ನೆಯ ಹಾಲು ಇನ್ನೊಂದು ಸಲಕ್ಕಿದೆ, ಮೂರು ಗಂಟೆಗೆ ಅದು ಮುಗಿಯುತ್ತದೆ. ಐದರವರೆಗೆ ಕಾದು ಆಮೇಲೆ ಡಬ್ಬಿ ಹಾಲು ಶುರು ಮಾಡಬೇಕೆಂದು ಡಾಕ್ಟರಬಾಯಿ ಫೋನಿನಲ್ಲಿ ಹೇಳಿದ್ದಾರೆ. “ಆದ್ರ ಇಷ್ಟ ಸಣ್ಣ ಕೂಸಿನ ಹೊಟ್ಟಿ, ತಾಯಿ ಹಾಲಿದ್ರ ಛಲೋ ಇತ್ತು ಅಕ್ಕಾವ್ರ.”

ಸಕ್ರವ್ವ ಬಾಗಿಲಲ್ಲಿ ನಿಂತು ಇದನ್ನು ಕೇಳಿದವಳು, ಹಸಿರು ಬಟ್ಟೆಯ ಅಂಚನ್ನು ಬೆರಳಿಗೆ ಸುತ್ತುತ್ತ, “ಆ ಟಿವಿ ಬಂದ್ ಆಗಿದ್ದು ನನ್ನಿಂದ ಇರಬೇಕ ನೋಡ್ರಿ,” ಎಂದಳು.

ವಿಷಯ ಹೀಗಿತ್ತು. ಖಂಡೇಪೂಜೆಗೆಂದು ಆಸ್ಪತ್ರೆಯ ನಡುಮನೆಯಲ್ಲಿ ಮಣೆ ಹಾಕಿ, ಕತ್ತರಿ, ಚಿಮಟ, ಬಿ.ಪಿ. ನೋಡುವ ಹಳೆಯ ಯಂತ್ರ, ಕೂಸು ತೂಗುವ ತಕ್ಕಡಿ ಎಲ್ಲವನ್ನೂ ತೊಳೆದು ಇಟ್ಟಿದ್ದಳು. ಕೂಸುಗಳಿಗೆ ಬೇಕಾದ ಯಂತ್ರಗಳಿಗೆ ಮಾತ್ರ ಇದ್ದಲ್ಲೇ ಕುಂಕುಮ. ಕೊನೆಗೆ ಅವಳ ಕಣ್ಣು ಕೌಂಟರಿನ ಮೇಲೆ ಮಿಣಿಮಿಣಿ ಎನ್ನುವ ರೌಟರಿನ ಕರಿಯ ಡಬ್ಬಿಗೆ ಬಿತ್ತು. ಬೆನ್ನಿಗೆ ಸಿಕ್ಕಿಸಿದ್ದ ವಾಯರು ಕಿತ್ತು, ಒರೆಸಿ, ವಿಭೂತಿ ಎಳೆದು, ಎರಡು ಆಂಟೆನಾಕ್ಕೂ ಕಾರಹುಣ್ಣಿಮೆಯ ಎತ್ತಿನ ಕೋಡಿಗೆ ಕಟ್ಟಿದಂತೆ ಚೆಂಡುಹೂ ಕಟ್ಟಿ, ಮಣೆಯ ನಡುವೆಯೇ ಕೂರಿಸಿದ್ದಳು.

“ಹೋದ ವರ್ಸ ಅದನ್ನ ಪೂಜಿಗೆ ಇಡಾಕ ಮರತಿದ್ದೆ. ವರ್ಸಪೂರ್ತಿ ಕಾಡಿತು. ವಾರಕ್ಕೊಮ್ಮೆ ಆ ಲಾಡಲೇಸಾಬನ್ನ ಕರಸೂದ ಆತು. ಅದಕ ಈ ವರ್ಸ ನಟ್ಟನಡಬರಕ ಇಟ್ಟೆ.”

“ಹಂಗಾರ ಎತ್ತಿ ತಂದು ಹಚ್ಚು,” ಎಂದ ಸತೀಶಕುಮಾರ.

“ಏ, ಅದೆಂಗ? ಪೂಜಿಗೆ ಕುಂತದ್ದು ನಾಳೆ ಬನ್ನಿ ಕೊಟ್ಟು ತಗೊಳ್ಳೂತನಾ ಏಳಂಗಿಲ್ಲ.”

“ಎಬ್ಬಸಬ್ಯಾಡ್ರಿ,” ಎಂದಳು ಗುರುಸಿದ್ದವ್ವ. “ಕೂಸಿನ ಹೆಸರಿಲೆ ಪೂಜಿ ಮುರೀಬಾರದು.”

ಎಲ್ಲರೂ ನಂದಾಳ ಕಡೆ ನೋಡಿದರು. ಓದಿದವಳು, ಪಟ್ಟಣದವಳು. ಎಬ್ಬಿಸಿ ಎಂದು ಅವಳೊಬ್ಬಳು ಅಂದರೆ ಮುಗಿಯುತ್ತಿತ್ತು. ಅವಳ ಬಾಯಿಗೆ ಆ ಮಾತು ಬರಲೇ ಇಲ್ಲ. ಹೂ ಕಟ್ಟಿದ ಡಬ್ಬಿ ಎಬ್ಬಿಸಿದರೆ ಏನೂ ಆಗುವುದಿಲ್ಲ ಎಂದು ಬೇರೆ ಯಾವ ದಿನವಾದರೂ ಅವಳೇ ನಕ್ಕು ಹೇಳುತ್ತಿದ್ದಳು. ಇವತ್ತು ಮೇಲಿನ ಗಾಜಿನ ಪೆಟ್ಟಿಗೆಯಲ್ಲಿ ಒಂದು ಕಿಲೋ ಆರುನೂರು ಗ್ರಾಮಿನ ಜೀವ ಮಲಗಿತ್ತು. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ, ನಾನೇ ಎಬ್ಬಿಸಿದೆ ಎಂಬುದು ಜೀವನಪೂರ್ತಿ ಉಳಿಯುತ್ತದಲ್ಲ.

“ಬ್ಯಾಡ,” ಎಂದಳು. “ಆದ್ರ ನಾ ಕೂಸಿನ ನೋಡಬೇಕು.”

ಎರಡೂ ಆಗಬೇಕೆಂದರೆ ಹೇಗೆಂದು ಯಾರಿಗೂ ತೋಚಲಿಲ್ಲ. ಸತೀಶಕುಮಾರ ಚೀಟಿಯ ನಂಬರಿಗೆ ಫೋನು ಹಚ್ಚಿದ.

ಎರಡು ಗಂಟೆ ದಾಟಿದ ಮೇಲೆ ಬಾಗಿಲಾಚೆ ಕೆಮ್ಮು ಕೇಳಿಸಿತು. ಸ್ಟೇಷನ್ ರಸ್ತೆಯಿಂದ ಬಬಲೇಶ್ವರಕ್ಕೆ ಮೋಟರ್‌ಸೈಕಲ್ಲಿನ ಮೇಲೆ ಬಂದ ಲಾಡಲೇಸಾಬರ ಹುಬ್ಬಿನ ಮೇಲೆಲ್ಲ ಧೂಳು. ಒಳಗೆ ಬಂದವರು ಕಂಪ್ಯೂಟರನ್ನು ಮುಟ್ಟಲಿಲ್ಲ. ಮೊದಲು ನಡುಮನೆಗೆ ಹೋಗಿ ಪೂಜೆಯ ಮುಂದೆ ಚಪ್ಪಲಿ ಬಿಟ್ಟು ನಿಂತು, ಹೂ ಮುಡಿದ ರೌಟರನ್ನು ಅಡಿಯಿಂದ ಮುಡಿಯತನಕ ನೋಡಿದರು.

“ಸಕ್ರವ್ವಾ, ಭಾಳ ಛಂದ ಕಾಣತೈತಿ ಬಿಡು. ನನ್ನ ಲಗ್ನದಾಗ ನನಗ ಇಷ್ಟ ಹೂ ಹಾಕಿದ್ದಿಲ್ಲ.”

“ಚ್ಯಾಷ್ಟಿ ಮಾಡಬ್ಯಾಡ ಲಾಡಲೇಸಾಬ. ಎತ್ತತೀ ಏನ? ನೀ ಎತ್ತಿದ್ರ ನಮಗ ದೋಷ ಬರಂಗಿಲ್ಲ ಅಂತ ಈ ಸಿಸ್ಟರ್ ಅಂತಾರ.”

“ಅಂದ್ರ ದೋಷ ನನ್ನ ಕೊಳ್ಳಾಗ ಹಾಕೂ ವಿಚಾರ ಮಾಡೀರಿ.” ಲಾಡಲೇಸಾಬರು ಹಲ್ಲು ಬಿಟ್ಟು ನಕ್ಕರು. “ನಾ ಯಾಕ ಎತ್ತಲಿ? ಕುಂತವರನ್ನ ಎಬ್ಬಸೂದು ನಮ್ಮ ಮನಿತನದಾಗ ಇಲ್ಲ. ಅವ ಕುಂಡ್ರಲಿ. ಅವನಿಲ್ಲದ ಕೆಲಸ ಆಗತೈತಿ.”

ಕೌಂಟರಿನ ಹಿಂದೆ ರೌಟರಿನಿಂದ ಕಿತ್ತ ಕೇಬಲ್ಲುಗಳು ಬಿದ್ದಿದ್ದವು. ಒಂದು ಮೇಲಿನ ಕ್ಯಾಮೆರಾದಿಂದ ಬಂದದ್ದು, ಇನ್ನೊಂದು ಬಾಣಂತಿಯರ ಕೋಣೆಯ ಕಂಪ್ಯೂಟರಿನಿಂದ ಬಂದದ್ದು. ಬಿಸ್ಕೀಟಿನ ಡಬ್ಬಿಯಿಂದ ಎರಡೂ ಬದಿಗೆ ತೂತಿರುವ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಸಣ್ಣ ತುಂಡೊಂದನ್ನು ತೆಗೆದು, ಆ ಬದಿಗೊಂದು ಈ ಬದಿಗೊಂದು ಟಕ್ ಟಕ್ ಎಂದು ಸಿಕ್ಕಿಸಿದರು. ಅಷ್ಟೇ. ಮತ್ತೆ ಕೆಮ್ಮಿ, ಕೇಳಿ, ಕೋಣೆಯೊಳಗೆ ಬಂದು ಕಂಪ್ಯೂಟರಿನ ಮುಂದೆ ಸ್ಟೂಲು ಎಳೆದುಕೊಂಡರು.

“ಇನ್ನ ಒಂದ ನಿಮಿಷ ಸುಮ್ಮ ಕುಂಡ್ರಬೇಕ ತಂಗೆವ್ವಾ. ಈಗ ಇದು ಕಂಡಕ್ಟರನ್ನ ಹುಡಕಾಕತ್ತೈತಿ.”

“ಯಾವ ಕಂಡಕ್ಟರ್?” ನಂದಾಳಿಗೆ ಈ ಮನುಷ್ಯನ ಆರಾಮು ಕಂಡು ಸಿಟ್ಟೇ ಬಂದಿತ್ತು.

“ನೀ ತಿಕೋಟಾ ಬಸ್ಸಿನ್ಯಾಗ ಎಂದರ ಹೋಗೀಯೇನ? ನಮ್ಮ ಘೋಣಸಗಿ ಅಲ್ಲೇ. ಬಸ್ಸು ಸ್ಟ್ಯಾಂಡಿಗೆ ಬಂದು ನಿಂತಿರತೈತಿ, ಕಂಡಕ್ಟರ್ ಚಾ ಕುಡ್ಯಾಕ ಹೋಗಿರ್ತಾನ. ಅವ ಬಂದು ಸೀಟ ತೋರಸ್ಲಿ ಅಂತ ಮಂದಿ ಸ್ವಲ್ಪ ಕಾಯ್ತಾರ. ಬರಲಿಲ್ಲಂದ್ರ ತಾವ ಒಂದ ಸೀಟ ಹಿಡೀತಾರ. ಹಂಗಂತ ಧಡಕ್ಕನ ಕುಂಡ್ರತಾರೇನ? ‘ಇಲ್ಲೆ ಯಾರರ ಅದಾರೇನ್ರಿ?’ ಅಂತ ಕೇಳತಾರ. ಮತ್ತೊಮ್ಮೆ ಕೇಳತಾರ. ಯಾರೂ ಹೂಂ ಅನಲಿಲ್ಲಂದ್ರ ಹೆಗಲ ಮ್ಯಾಲಿನ ವಲ್ಲಿ ಹಾಸಿ ಕುಂಡ್ರತಾರ. ಅದಾರ ಅಂದ್ರ ಮುಂದಿನ ಸೀಟಿಗೆ ಹೋಗಿ ಅಲ್ಲೂ ಹಂಗ ಕೇಳತಾರ.”

“ಸಾಬ್ರ, ಕೂಸಿನ ವಿಷಯ ಹೇಳ್ರೆಂದ್ರ ಬಸ್ಸಿನ ವಿಷಯ ಹೇಳತೀರಲ್ಲ,” ಎಂದಳು ಗುರುಸಿದ್ದವ್ವ.

“ಅದನ್ನ ಹೇಳಾಕತ್ತೇನಿ ಯವ್ವಾ. ಸೀಟ ಕೊಡೋ ಕಂಡಕ್ಟರ್ ಅಂದ್ರ ಆ ರೌಟರ್. ಇವತ್ತ ಅವ ಪೂಜಿಗೆ ಕುಂತಾನ. ಅದಕ ಈ ಕಂಪ್ಯೂಟರು ತನ್ನಷ್ಟಕ್ಕ ತಾನ ಒಂದ ನಂಬರ್ ಇಟ್ಗೊಂತೈತಿ. ಮ್ಯಾಲಿನ ಕ್ಯಾಮೆರಾನೂ ಒಂದ ಇಟ್ಗೊಂತೈತಿ. ಇಬ್ರೂ ಕೇಳೇ ಇಟ್ಗೊಂತಾವ, ಜಗಳಿಲ್ಲ. ಆದ್ರ ಆ ಸೀಟು ಆ ಬಸ್ಸಿನ್ಯಾಗ ಅಷ್ಟ ನಡೀತೈತಿ. ಊರ ಹೊರಗಿನ ನೆಟ್ ಸಿಗಂಗಿಲ್ಲ, ನಿನ್ನ ಮೊಬೈಲಿಗೆ ಕೂಸು ಬರಂಗಿಲ್ಲ. ಮ್ಯಾಲಿಂದ ಕೆಳಗ, ಅಷ್ಟ ಸಾಕಲ್ಲ ನಿನಗ?”

ಸಾಕು ಎನ್ನುವಂತೆ ನಂದಾ ತಲೆಯಾಡಿಸಿದಳು. ಅಷ್ಟರಲ್ಲಿ ಸ್ಕ್ರೀನಿನ ಮೂಲೆಯಲ್ಲಿ ಹಳದಿ ತ್ರಿಕೋನವೊಂದು ಎದ್ದು, ಅದರೊಳಗೆ ಉದ್ಗಾರದ ಗುರುತು ಕಾಣಿಸಿತು. ಕಾಲೇಜಿನ ದಿನದಿಂದ ಅವಳಿಗೆ ಆ ತ್ರಿಕೋನದ ಅರ್ಥ ಒಂದೇ: ಕೆಟ್ಟಿದೆ. “ಆಗಲಿಲ್ಲ,” ಎಂದಳು.

“ಆತು! ಇದ ನಮಗ ಬೇಕಾಗಿದ್ದು. ನೋಡಿಲ್ಲೆ.” ಲಾಡಲೇಸಾಬರು ಬೆರಳಿಟ್ಟು ತೋರಿಸಿದ ಕಡೆ ಒಂದು ಉದ್ದ ನಂಬರಿತ್ತು, ೧೬೯.೨೫೪ ಎಂದು ಮೊದಲಾಗುವುದು. “ಕಂಡಕ್ಟರ್ ಇಲ್ಲದಾಗ ತಾನ ಹಿಡದ ಸೀಟೆಲ್ಲಾ ಇದ ಸಾಲಿನ್ಯಾಗ ಇರ್ತಾವ. ಈ ನಂಬರ್ ಕಂಡು ನಾ ಒಮ್ಮೆ ಹನ್ನೆರಡು ಕಂಪ್ಯೂಟರ್ ಸ್ವಚ್ಛ ತೊಳದಬಿಟ್ಟಿದ್ದೆ.”

ಕೆಲಸ ಮಾಡುತ್ತಲೇ ಅವರು ಆ ಕಥೆ ಹೇಳಿದರು. ಅವರಪ್ಪ ತಿಕೋಟಾ ಸುತ್ತಿನ ಊರುಗಳಿಗೆಲ್ಲ ಲಗ್ನಕ್ಕೆ ಮೈಕ್ ಸೆಟ್ ಬಾಡಿಗೆ ಕೊಡುತ್ತಿದ್ದವರು. ಮಗ ಏಳನೆಯ ಇಯತ್ತೆಗೆ ಸಾಲಿ ಬಿಟ್ಟು ವಾಯರು ಎಳೆಯಲು ನಿಂತ. ಮೈಕಿನಿಂದ ಕೇಬಲ್ ಟಿವಿಗೆ, ಕೇಬಲ್ ಟಿವಿಯಿಂದ ಕಂಪ್ಯೂಟರಿಗೆ. ವಾಯರು ಯಾವುದಾದರೇನು, ಒಂದು ತುದಿಯಲ್ಲಿ ಮಾತಾಡಿದ್ದು ಇನ್ನೊಂದು ತುದಿಗೆ ಕೇಳಬೇಕು ಅಷ್ಟೇ ಎಂಬುದು ಅವರ ಸಿದ್ಧಾಂತ. ಸ್ಟೇಷನ್ ರಸ್ತೆಯ ಒಂದು ಇಂಟರ್‌ನೆಟ್ ಅಂಗಡಿಯಲ್ಲಿ ಸಿಡಿಲು ಬಡಿದು ರೌಟರು ಸುಟ್ಟಿತ್ತು. ಅದು ಗೊತ್ತಿಲ್ಲದ ಲಾಡಲೇಸಾಬರಿಗೆ ಹನ್ನೆರಡೂ ಕಂಪ್ಯೂಟರಿನಲ್ಲಿ ಕಂಡದ್ದು ಒಂದೇ ಥರದ ನಂಬರು, ನೂರಾ ಅರವತ್ತೊಂಬತ್ತು, ಇನ್ನೂರಾ ಐವತ್ನಾಲ್ಕು. ಇದು ವೈರಸ್ಸು, ಒಂದರಿಂದ ಒಂದಕ್ಕೆ ಹಬ್ಬಿದೆ ಎಂದುಕೊಂಡು, ಮೂರು ದಿನ ಕೂತು ಹನ್ನೆರಡನ್ನೂ ಬರಿದು ಮಾಡಿ ಹೊಸದಾಗಿ ಎಲ್ಲ ತುಂಬಿದರು. ನಾಲ್ಕನೆಯ ದಿನ ಚಾಲೂ ಮಾಡಿದರೆ ಹನ್ನೆರಡರಲ್ಲೂ ಮತ್ತೆ ಅದೇ ನಂಬರು!

“ಅಳು ಬಂತು ತಂಗೆವ್ವಾ, ಸುಳ್ಳ ಯಾಕ ಹೇಳಲಿ. ಆದ್ರ ಅವತ್ತ ಸುಮ್ಮ ಒಂದ ಕಂಪ್ಯೂಟರಿನ್ಯಾಗಿನ ಹಾಡು ಇನ್ನೊಂದರಿಂದ ಹಚ್ಚಿ ನೋಡಿದ್ನಿ. ಹಾಡತೈತಿ! ವೈರಸ್ ಬಡದದ್ದು ಒಂದಕ್ಕೊಂದು ಆರಾಮ ಮಾತಾಡಾಕತ್ತಾವ! ಅವತ್ತ ತಿಳೀತು. ಇದು ರೋಗ ಅಲ್ಲ, ಹಿರ್ಯಾ ಮನ್ಯಾಗ ಇಲ್ಲದಾಗ ಹುಡುಗೂರು ತಾವ ಹೊಂದಿಕೊಂಡದ್ದು.”

“ಅಂಗಡಿ ಮಾಲಕ ಏನಂದ?” ಕೇಳಿದಳು ಗುರುಸಿದ್ದವ್ವ. ಅವಳಿಗೆ ಕಥೆ ಹಿಡಿದಿತ್ತು.

“ಏನಂದ ಅಂತ ಬಾಣಂತ್ಯಾರ ಮುಂದ ಹೇಳಬಾರದು ಯವ್ವಾ.”

ನಂದಾ ನಗಲಿಲ್ಲ. ಅವಳ ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು. ಮೂರಕ್ಕೆ ಹತ್ತು ನಿಮಿಷ. ಲಾಡಲೇಸಾಬರು ಕ್ಯಾಮೆರಾ ಹುಡುಕಲು ಗುಂಡಿ ಒತ್ತಿದರು. ಖಾಲಿ ಪಟ್ಟಿ ಬಂತು. ಮತ್ತೆ ಒತ್ತಿದರು. ಮತ್ತೆ ಖಾಲಿ. ಅಷ್ಟು ಹೊತ್ತು ಬಾಯಿ ಮುಚ್ಚದಿದ್ದ ಮನುಷ್ಯ ಸುಮ್ಮನಾದದ್ದನ್ನು ಕಂಡೇ ನಂದಾಳಿಗೆ ಎಲ್ಲಕ್ಕಿಂತ ಹೆಚ್ಚು ಭಯವಾಯಿತು.

“ಕ್ಯಾಮೆರಾ ಅಲ್ಲಿಲ್ಲ,” ಎಂದಳು. “ತಗದಾರ. ಪೆಟ್ಟಿಗೀನ ತಗದಾರ. ಕೂಸಿಲ್ಲ ಅಂದಮ್ಯಾಲೆ ಕ್ಯಾಮೆರಾ ಯಾಕ?”

“ನಂದಾ!” ಗುರುಸಿದ್ದವ್ವನ ದನಿ ಏರಿತು. “ಹೊಲಸ ಮಾತ ಆಡಬ್ಯಾಡ. ಬಿಡ್ತು ಅನ್ನು.”

ಲಾಡಲೇಸಾಬರು ಎದ್ದು ಹೋಗಿ ಕೌಂಟರಿನ ಹಿಂದಿನ ಜೋಡಣೆಯನ್ನು ಇನ್ನೊಮ್ಮೆ ಒತ್ತಿ ಬಂದರು. ಸ್ಟೂಲಿನ ಮೇಲೆ ಕೂತು, ಕನ್ನಡಕ ಹಣೆಗೇರಿಸಿ ಸ್ಕ್ರೀನಿಗೆ ಮೂಗು ಹಚ್ಚಿದಷ್ಟು ಹತ್ತಿರ ಬಾಗಿದರು. ಮೂಲೆಯಲ್ಲಿ, ಹಳದಿ ತ್ರಿಕೋನದ ಪಕ್ಕ, ಬೀಸಣಿಕೆಯಂಥ ಇನ್ನೊಂದು ಸಣ್ಣ ಗುರುತು.

“ಇದಕ ಯಾರರ ಮೊಬೈಲ್ ಕೊಟ್ಟಿದ್ರೇನು?”

“ನಾ ಕೊಟ್ಟಿದ್ನಿ,” ಎಂದ ಸತೀಶಕುಮಾರ ಬಾಗಿಲಿನಿಂದ. “ಮುಂಜಾನೆ, ಹಾಟ್‌ಸ್ಪಾಟ್. ಬಂದ್ ಮಾಡಾಕ ಮರತೆ.”

“ಅಯ್ಯ ನನ್ನ ಅಳಿಯಾ! ಎರಡ ಬಾಗಲಾ ತಗದಿಟ್ಟು, ಕೂಸು ಹಿತ್ತಲದಾಗ ಇದ್ರ ಇದು ಬೀದಿ ಬಾಗಲದಾಗ ನಿಂತು ಕರ್ಯಾಕತ್ತೈತಿ. ಕೇಳಸ್ತೈತೇನ ಅಲ್ಲಿಗೆ? ವಾಯರಿನ ದಾರ್ಯಾಗ ಅದಾನ ಕ್ಯಾಮೆರಾ, ಇದು ನಿನ್ನ ಮೊಬೈಲಿನ ದಾರಿ ಹಿಡದು ಹುಡಕಾಕತ್ತೈತಿ.”

ಬೀಸಣಿಕೆಯ ಗುರುತನ್ನು ಒತ್ತಿ ಬಂದ್ ಮಾಡಿದರು. ಮತ್ತೆ ಹುಡುಕುವ ಗುಂಡಿ. ಖಾಲಿ ಪಟ್ಟಿಯಲ್ಲಿ ಒಂದು ಸಾಲು ಮೂಡಿತು, ೧೬೯.೨೫೪ರ ಇನ್ನೊಂದು ನಂಬರು. ಅದನ್ನು ಎರಡು ಸಲ ಒತ್ತಿದ್ದೇ, ಬೂದು ಬಣ್ಣದ ಚಿತ್ರ ಸ್ಕ್ರೀನು ತುಂಬ ತೆರೆದುಕೊಂಡಿತು. ಗಾಜಿನ ಪೆಟ್ಟಿಗೆ. ಕುಲಾಯಿ. ಕುಲಾಯಿಯ ಕೆಳಗೆ ಒಂದು ಹಿಡಿಯಷ್ಟು ಮುಖ.

“ಬಂತ್ ನೋಡವ್ವ ನನ್ನ ಬಂಗಾರಿ!” ಗುರುಸಿದ್ದವ್ವ ಎರಡೂ ಕೈಯಿಂದ ಸ್ಕ್ರೀನಿಗೆ ನಿವಾಳಿಸಿ ನೆಟಿಗೆ ಮುರಿದಳು.

ನಂದಾ ಕೂತಲ್ಲೇ ಮುಂದಕ್ಕೆ ಬಾಗಿದಳು. ನೋಡಿದಳು. ಕೂಸು ಮಲಗಿತ್ತು. ಅಲುಗಾಡುತ್ತಿರಲಿಲ್ಲ. ಎದೆ ಏರಿ ಇಳಿಯುತ್ತಿದೆಯೋ, ಚಿತ್ರವೇ ನಡುಗುತ್ತಿದೆಯೋ ತಿಳಿಯಲಿಲ್ಲ.

“ಇದು ಈಗಿಂದೇನ್ರಿ?” ಎಂದು ಕೇಳಿದಳು. “ನಿನ್ನಿದು ತುಂಬಿಟ್ಟಿದ್ದನ್ನ ಹಚ್ಚಿದ್ರ ನನಗೆಂಗ ತಿಳೀಬೇಕು?”

ಸತೀಶಕುಮಾರ ಹಣೆ ಹಣೆ ಬಡಿದುಕೊಂಡ. ಲಾಡಲೇಸಾಬರು ಮಾತ್ರ ಬೇಸರ ಮಾಡಿಕೊಳ್ಳಲಿಲ್ಲ. ಸ್ಟೂಲನ್ನು ಅವಳ ಕಡೆ ತಿರುಗಿಸಿದರು.

“ನಮ್ಮ ಮನ್ಯಾಕಿ ಅಬೇದಾನೂ ಇದನ್ನ ಕೇಳಿದ್ಲು ತಂಗೆವ್ವಾ. ನಮ್ಮ ಮಿನಾಜ ಏಳು ತಿಂಗಳಿಗೆ ಹುಟ್ಟಿದಾಕಿ. ಅಬೇದಾ ಕೆಳಗ, ಕೂಸು ಎರಡನೇ ಮಜಲಿನ್ಯಾಗ. ಆಗ ಈ ಕ್ಯಾಮೆರಾ ಪಾಮೆರಾ ಎಲ್ಲಿದ್ದುವು? ನಾನ ಕ್ಯಾಮೆರಾ. ದಿನಕ್ಕ ಇಪ್ಪತ್ತ ಸಲ ಮೆಟ್ಟಲಾ ಹತ್ತಿ ನೋಡಿ ಬಂದು ಹೇಳತಿದ್ದೆ, ಛಲೋ ಐತಿ ಅಂತ. ನಂಬಲಿಲ್ಲ. ಅಲ್ಲಾನ ಆಣಿ ಮಾಡಿದ್ನಿ, ನಂಬಲಿಲ್ಲ. ‘ನನ್ನ ಸಮಾಧಾನಕ್ಕ ಹೇಳಾಕತ್ತೀರಿ’ ಅಂದ್ಲು. ಹೌದಲ್ಲ, ಗಂಡಸು ಸಮಾಧಾನಕ್ಕ ಸುಳ್ಳ ಹೇಳಂವ ಇರ್ತಾನ. ಆಕೀದೇನ ತಪ್ಪು? ಇಲ್ಲೆ ಡಾಕ್ಟರಬಾಯಿ ಮ್ಯಾಲೆ ಕ್ಯಾಮೆರಾ ಹಚ್ಚು ಅಂದಾಗ, ಕೆಳಗೊಂದ ಸ್ಕ್ರೀನ್ ಇಡೋಣ್ರಿ ಅಂತ ನಾನ ಗಂಟ ಬಿದ್ದೆ.”

“ಮಿನಾಜ ಈಗ...?” ಕೇಳಲು ನಂದಾಳಿಗೆ ಹೆದರಿಕೆ.

“ಬಿ.ಕಾಂ. ಎರಡನೇ ವರ್ಸ. ಮೋಟರ್‌ಸೈಕಲ್ ಕೊಡಲಿಲ್ಲಂತ ನಾಲ್ಕ ದಿನ ಆತು ನನ್ನ ಜೋಡಿ ಮಾತ ಬಿಟ್ಟು.” ಹೇಳಿ ಅವರು ಎದ್ದು ನಿಂತರು. “ನೀ ನನ್ನ ನಂಬಬ್ಯಾಡ, ನಿನ್ನ ಗಂಡನ್ನ ನಂಬಬ್ಯಾಡ. ಒಂದ ಗುರ್ತ ಹೇಳು. ನಿನ್ನ ಮನಸಿಗೆ ಬಂದದ್ದು, ನಿನ್ನಿ ಯಾರೂ ಮಾಡಿರಬಾರದು, ಅಂಥಾದ್ದು. ಸಕ್ರವ್ವ ಈಗ ಮ್ಯಾಲೇ ಅದಾಳ, ಕೂಸಿನ ಬಾಜೂಕ ನಿಂತು ಅದನ್ನ ಮಾಡ್ಲಿ.”

ನಂದಾ ಯೋಚಿಸಿದಳು. ಕೈ ಬೀಸು ಎಂದರೆ ನಿನ್ನೆಯೂ ಬೀಸಿರಬಹುದು. ಬೆರಳು ತೋರಿಸು ಎಂದರೂ ಅಷ್ಟೇ. ಪೂಜೆಗೆ ರೌಟರು ಇಟ್ಟ ಸಕ್ರವ್ವನ ಮುಖ ಕಣ್ಣೆದುರಿಗೆ ಬಂತು.

“ಎರಡೂ ಕಿವಿ ಹಿಡ್ಕೊಂಡು ಬಸಕಿ ಹೊಡೀಲಿ,” ಎಂದಳು. “ಐದು.”

ಲಾಡಲೇಸಾಬರು ಮೆಟ್ಟಿಲ ಬುಡಕ್ಕೆ ಹೋಗಿ ಕೂಗಿದರು. ಮೇಲಿನಿಂದ ಸಕ್ರವ್ವನ ಉತ್ತರ ಇಡೀ ಆಸ್ಪತ್ರೆಗೆ ಕೇಳಿಸಿತು: “ನನ್ನ ವಯಸ್ಸೇನು, ನನ್ನ ಮಣಕಾಲೇನು! ಲೇ ಲಾಡಲ್ಯಾ, ಇದು ನೀ ಹೇಳಿಕೊಟ್ಟಿದ್ದ ಐತಿ!” ಆಮೇಲೆ ಸ್ವಲ್ಪ ತಡ. ಕೈ ತೊಳೆಯಬೇಕು, ಹಸಿರು ಅಂಗಿ ತೊಡಬೇಕು, ಬಾಯಿಗೆ ಬಟ್ಟೆ ಕಟ್ಟಬೇಕು. ನಂದಾ ಸ್ಕ್ರೀನಿನಿಂದ ಕಣ್ಣು ತೆಗೆಯಲಿಲ್ಲ.

ಚಿತ್ರದ ಬಲಮೂಲೆಯಿಂದ ಒಂದು ದಪ್ಪ ಅಂಗಿ ಒಳಗೆ ಬಂತು. ಕ್ಯಾಮೆರಾ ಎಲ್ಲಿದೆ ಎಂದು ಗೊತ್ತಿಲ್ಲದೆ ಮೊದಲು ಗೋಡೆಗೆ, ಆಮೇಲೆ ಕಿಟಕಿಗೆ ಮುಖ ಮಾಡಿತು. ಕೊನೆಗೆ ಸಿಸ್ಟರ್ ಭುಜ ಹಿಡಿದು ತಿರುಗಿಸಿರಬೇಕು, ನೆಟ್ಟಗೆ ನಂದಾಳ ಕಡೆಗೇ ನೋಡಿತು. ಎರಡು ಕೈ ಮೇಲೆದ್ದು ಎರಡು ಕಿವಿ ಹಿಡಿದವು. ಗಾಜಿನ ಪೆಟ್ಟಿಗೆಯ ಹಿಂದೆ ಸಕ್ರವ್ವ ಮುಳುಗಿದಳು, ಎದ್ದಳು. ಮುಳುಗಿದಳು, ಎದ್ದಳು. ಮೂರನೆಯ ಸಲ ಮುಳುಗಿದವಳು ಬಹಳ ಹೊತ್ತು ಮೇಲೆ ಬರಲೇ ಇಲ್ಲ. ಪೆಟ್ಟಿಗೆಯ ಅಂಚು ಹಿಡಿದ ನಾಲ್ಕು ಬೆರಳು ಮಾತ್ರ ಕಾಣುತ್ತಿದ್ದವು.

“ಕುಂತ್ಲಲ್ಲೋ ಯಪ್ಪಾ! ಎಬ್ಬಸ್ರಿ ಯಾರರ ಆಕೀನ!” ಗುರುಸಿದ್ದವ್ವ ಹೊಟ್ಟೆ ಹಿಡಿದುಕೊಂಡಳು.

ಅಷ್ಟರಲ್ಲಿ, ಆ ಗಲಾಟೆಗೋ ಏನೋ, ಪೆಟ್ಟಿಗೆಯೊಳಗೆ ಬೆರಳುದ್ದದ ಕಾಲೊಂದು ಎದ್ದು ಗಾಳಿಯನ್ನು ಒದ್ದಿತು. ಇನ್ನೊಮ್ಮೆ ಒದ್ದಿತು. ಬಾಯಿ ಅಗಲ ತೆರೆದು ಮುಖವೆಲ್ಲ ಮುದುಡಿತು. ಸದ್ದು ಕೇಳಿಸದಿದ್ದರೂ ಅಳುತ್ತಿತ್ತು, ಸಿಟ್ಟಿನಿಂದ ಅಳುತ್ತಿತ್ತು. ಈಗ, ಈ ಗಳಿಗೆಯಲ್ಲಿ, ಸಕ್ರವ್ವನ ನಾಲ್ಕು ಬೆರಳಿನ ಪಕ್ಕದಲ್ಲಿ.

ಬೆಳಿಗ್ಗೆ ಒಂಬತ್ತೂವರೆಯಿಂದ ಹಿಡಿದಿದ್ದ ಉಸಿರು ನಂದಾಳಿಂದ ಒಮ್ಮೆಲೇ ಹೊರಗೆ ಬಂತು. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ. ಭುಜ ಕುಣಿದವು, ಹೊಲಿಗೆ ಜಗ್ಗಿ ನೋಯಿತು, ಆದರೂ ನಿಲ್ಲಿಸಲಾಗಲಿಲ್ಲ. ನಗುತ್ತ ಕೆಳಗೆ ನೋಡಿದರೆ ಎದೆಯ ಮೇಲಿನ ಬಟ್ಟೆ ಒದ್ದೆಯಾಗಿತ್ತು.

“ಅತ್ತೀ, ಬಟ್ಟಲಾ!”

ಲಾಡಲೇಸಾಬರು ಆಗಲೇ ಚೀಲ ಎತ್ತಿಕೊಂಡು ಹೊರಗೆ ನಡೆದಿದ್ದರು, ಸತೀಶಕುಮಾರನನ್ನೂ ರಟ್ಟೆ ಹಿಡಿದು ಎಳೆದುಕೊಂಡು. ಬಟ್ಟೆಯ ಆಚೆಯಿಂದ ಅವರ ಮಾತು ಕೇಳುತ್ತಿತ್ತು: ಆ ಜೋಡಣೆ ಯಾರೂ ಮುಟ್ಟಬೇಡಿ, ಕರೆಂಟು ಹೋಗಿ ಬಂದರೆ ನಂಬರು ಬದಲಾದರೂ ಆದೀತು, ಹೆದರದೆ ಮತ್ತೆ ಹುಡುಕುವ ಗುಂಡಿ ಒತ್ತಿ, ನಿನ್ನ ಮೊಬೈಲು ಮಾತ್ರ ದೂರ ಇಡು ನನ್ನಪ್ಪಾ, ನಾಳೆ ಬನ್ನಿ ತೆಗೆದುಕೊಂಡ ಮೇಲೆ ಬಂದು ರೌಟರ್ ನಾನೇ ಹಚ್ಚಿಕೊಡುತ್ತೇನೆ.

ಬಟ್ಟಲು ಮುಕ್ಕಾಲು ತುಂಬಿತು. ಗುರುಸಿದ್ದವ್ವ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಾನೇ ಮೆಟ್ಟಿಲು ಹತ್ತಿದಳು, ಸಕ್ರವ್ವನ ಮಣಕಾಲಿಗೆ ಇನ್ನು ಇಳಿದು ಹತ್ತುವ ಶಕ್ತಿ ಇರಲಿಲ್ಲ.

ನಂದಾ ದಿಂಬಿಗೆ ಒರಗಿ ಸ್ಕ್ರೀನು ನೋಡುತ್ತ ಕಾದಳು. ಸಿಸ್ಟರಿನ ಕೈ ಚಿತ್ರದೊಳಗೆ ಬಂತು. ಸಣ್ಣ ನಳಿಗೆಯ ತುದಿ ಮೇಲೆತ್ತಿ ಹಿಡಿಯಿತು. ನಳಿಗೆಯೊಳಗೆ ಒಂದು ಬಿಳಿ ಗೆರೆ ಮೆಲ್ಲಗೆ ಕೆಳಗಿಳಿಯತೊಡಗಿತು. ಅಳುತ್ತಿದ್ದ ಬಾಯಿ ಮುಚ್ಚಿತು, ಮುದುಡಿದ ಹುಬ್ಬು ಬಿಚ್ಚಿತು, ಮುಷ್ಟಿ ಸಡಿಲಾಯಿತು. ಗೆರೆ ಪೂರ್ತಿ ಇಳಿದು ಮುಗಿಯುವವರೆಗೆ ನಂದಾ ನೋಡಿದಳು. ಆಮೇಲೆ, ಐದು ದಿನದಲ್ಲಿ ಮೊದಲ ಸಲ, ಸ್ಕ್ರೀನು ಹಾಗೇ ನಡೆಯುತ್ತಿರುವಾಗಲೇ ಮಗ್ಗಲು ತಿರುಗಿ ಕಣ್ಣು ಮುಚ್ಚಿದಳು.